ನುಂಗಿದ ಗುಳಿಗೆ ಮಣ್ಣಿನಲ್ಲಿ ಏನಾಗುತ್ತದೆ?

ಸಂತಾನ ನಿಯಂತ್ರಣದ ಗುಳಿಗೆ ದೇಹದೊಳಗೆ ಏನು ಮಾಡುತ್ತದೆಂಬುದು ನಿಮಗೆ ಗೊತ್ತು. ದೇಹದಿಂದ ಹೊರಬಿದ್ದ ಮೇಲೆ ಅದರ ಗತಿಯೇನು? ಮಲಮೂತ್ರದೊಡನೆ ಚರಂಡಿ ಸೇರಿ, ಅಲ್ಲಿಂದ ಕೆರೆಗೋ ಹೊಲಕ್ಕೋ ಹೋಗುವ ಈ ಔಷಧ ನಾಶವಾಗುತ್ತದೆಯೇ?

ಸರ್ಕಾರ ಉಚಿತವಾಗಿ ಹಂಚುವ ಮಾಲಾ-ಎನ್‌ನಲ್ಲಿ ಹಾರ್ಮೋನಿರುವ ಪ್ರತಿ ಗುಳಿಗೆಯಲ್ಲೂ 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಯಾಲ್ ಇರುತ್ತದೆ. ಇದು ಸ್ತ್ರೀಯರಲ್ಲಿ ಸಹಜವಾಗಿರುವ ಈಸ್ಟ್ರಡಯಾಲ್‌ನ ಕೃತಕ ರೂಪ. 1938ರಲ್ಲಿ ಜರ್ಮನಿಯಲ್ಲಿ ತಯಾರಾಯಿತು. ಸಹಜ ಹಾರ್ಮೋನನ್ನು ನುಂಗಿದರೆ ಕರುಳು ಮತ್ತು ಪಿತ್ತಜನಕಾಂಗ ಅದರ ಬಹುಪಾಲನ್ನು ಹಾಳುಮಾಡುತ್ತವೆ. ಹೊಸದಾಗಿ ಜೋಡಿಸಿದ ಎಥಿನೈಲ್ ಎಂಬ ಪುಟ್ಟ ಗುಂಪು ಇದಕ್ಕೆ ಅಡ್ಡ ನಿಲ್ಲುತ್ತದೆ.

ಕೆಲಸ ಮುಗಿದ ಔಷಧಕ್ಕೆ ದೇಹವು ಸಕ್ಕರೆಯಂಥ ಒಂದು ಅಂಶವನ್ನು ಅಂಟಿಸಿ, ನಿಷ್ಕ್ರಿಯಗೊಳಿಸಿ ಹೊರಹಾಕುತ್ತದೆ. ಆದರೆ ಚರಂಡಿಯ ಬ್ಯಾಕ್ಟೀರಿಯಗಳು ಆ ಅಂಶವನ್ನು ಕಿತ್ತುಹಾಕುತ್ತವೆ. ಔಷಧ ಮತ್ತೆ ಚುರುಕಾಗುತ್ತದೆ!

ಮಣ್ಣಿನ ಕೆಲಸ

ಮಣ್ಣಿಗೆ ಬಿದ್ದ ಹಾರ್ಮೋನು ಜೇಡಿ ಮತ್ತು ಕೊಳೆತ ಎಲೆಗೊಬ್ಬರದ ಕಣಗಳಿಗೆ ಅಂಟಿಕೊಳ್ಳುತ್ತದೆ. ಇದರಿಂದ ಅಂತರ್ಜಲಕ್ಕೆ ಇಳಿಯುವುದು ತಡವಾಗುತ್ತದೆ. ಅಷ್ಟರಲ್ಲಿ ಬ್ಯಾಕ್ಟೀರಿಯ, ಶಿಲೀಂಧ್ರಗಳು ಅದನ್ನು ಒಡೆಯತೊಡಗುತ್ತವೆ. ಸಹಜ ಹಾರ್ಮೋನು ಬೇಗನೆ ಈಸ್ಟ್ರೋನ್ ಎಂಬ ದುರ್ಬಲ ವಸ್ತುವಾಗಿ ಮಾರ್ಪಡುತ್ತದೆ. ಕೃತಕ ಹಾರ್ಮೋನಿನಲ್ಲಿ, ಪಿತ್ತಜನಕಾಂಗಕ್ಕೆ ಅಡ್ಡಬಂದ ಅದೇ ಎಥಿನೈಲ್ ಗುಂಪು ಇಲ್ಲಿಯೂ ಅಡ್ಡಬರುತ್ತದೆ. ಹೀಗಾಗಿ ಅದು ಹೆಚ್ಚು ಕಾಲ ಉಳಿಯುತ್ತದೆ.

ಎಷ್ಟು ಕಾಲ ಎಂಬುದು ಮಣ್ಣಿನ ಸ್ಥಿತಿಯನ್ನು ಅವಲಂಬಿಸಿದೆ. ಬೆಚ್ಚಗಿದ್ದು, ಹದವಾದ ತೇವವಿದ್ದು, ಗಾಳಿಯಾಡುವ ಮಣ್ಣಿನಲ್ಲಿ ದಿನಗಳ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ನೀರು ನಿಂತು ಆಮ್ಲಜನಕವಿಲ್ಲದ ಕೆಸರಿನಲ್ಲಿ ತಿಂಗಳುಗಟ್ಟಲೆ ಉಳಿಯಬಹುದು. ಆದ್ದರಿಂದ ಚರಂಡಿಯ ಕೆಸರನ್ನು ಹಸಿಯಾಗಿ ಹೊಲಕ್ಕೆ ಹಾಕುವುದಕ್ಕಿಂತ, ಗಾಳಿಯಾಡುವಂತೆ ಮಗುಚಿ ಚೆನ್ನಾಗಿ ಕಳಿಸಿ ಹಾಕುವುದು ಮೇಲು.

ಭಯ ಬೇಡ, ಉದಾಸೀನವೂ ಬೇಡ

ಕೆನಡಾದ ಒಂಟಾರಿಯೋದಲ್ಲಿ 2001ರಿಂದ 2003ರವರೆಗೆ ವಿಜ್ಞಾನಿಗಳು ಒಂದು ಸರೋವರಕ್ಕೆ ಈ ಔಷಧವನ್ನು ಬೆರೆಸಿದರು. ಲೀಟರಿಗೆ ಸುಮಾರು 5 ನ್ಯಾನೋಗ್ರಾಂ, ಅಂದರೆ ಗ್ರಾಮಿನ 100 ಕೋಟಿಯಲ್ಲಿ 5 ಭಾಗ ಮಾತ್ರ. ಗಂಡು ಮೀನುಗಳಲ್ಲಿ ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು ಕಾಣಿಸಿಕೊಂಡಿತು. ಒಂದು ಜಾತಿಯ ಸಣ್ಣ ಮೀನಿನ ಸಂತತಿ ಬಹುತೇಕ ನಶಿಸಿತು. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳ ಬಳಿಕ ಅದು ಚೇತರಿಸಿಕೊಂಡಿತು.

ಮನುಷ್ಯರ ಮಾತು ಬೇರೆ. ಆ ಸರೋವರದ ನೀರಿನಿಂದ ಒಂದು ಗುಳಿಗೆಯಷ್ಟು ಹಾರ್ಮೋನು ದೊರೆಯಲು 6,000 ಲೀಟರ್ ಕುಡಿಯಬೇಕು. ಆದ್ದರಿಂದ ಈ ಲೇಖನ ಓದಿ ಯಾರೂ ಗುಳಿಗೆ ನಿಲ್ಲಿಸಬಾರದು. ಬೇಡದ ಬಸಿರು ತಾಯಿಗೆ ತರುವ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು.

ನೀವು ಮಾಡಬಹುದಾದದ್ದು ಇಷ್ಟು. ಉಳಿದ ಅಥವಾ ಅವಧಿ ಮೀರಿದ ಗುಳಿಗೆಗಳನ್ನು ಶೌಚಾಲಯಕ್ಕಾಗಲಿ, ಬಚ್ಚಲಿಗಾಗಲಿ, ಹಿತ್ತಲಿನ ಗುಂಡಿಗಾಗಲಿ ಹಾಕಬೇಡಿ. ನುಂಗಿದ ಗುಳಿಗೆಯ ಒಂದು ಪಾಲನ್ನು ದೇಹ ನಾಶಮಾಡುತ್ತದೆ. ಎಸೆದ ಗುಳಿಗೆ ಪೂರ್ತಿಯಾಗಿ ನೀರು ಸೇರುತ್ತದೆ. ಔಷಧದ ಅಂಗಡಿಯವರು ವಾಪಸು ಪಡೆಯುವುದಾದರೆ ಅವರಿಗೆ ಕೊಡಿ. ಇಲ್ಲವಾದರೆ ಪೊಟ್ಟಣದಲ್ಲಿ ಕಟ್ಟಿ, ಹಸಿ ಕಸಕ್ಕೆ ಸೇರಿಸದೆ, ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಿ. ಮಣ್ಣು ತನ್ನ ಕೆಲಸ ಮಾಡುತ್ತದೆ; ಅದರ ಹೊರೆ ಹೆಚ್ಚಿಸದಿರುವುದು ನಮ್ಮ ಕೆಲಸ.