ಸಡ್‌ಬರಿಯ ಹೊಗೆಯೂ ಬಿಳಿ ಪೈನ್ ಮರವೂ

ಕೆನಡಾದ ಸಡ್‌ಬರಿ ಸುತ್ತಲಿನ ಬೆಟ್ಟಗಳು ಒಂದು ಕಾಲಕ್ಕೆ ಬಿಳಿ ಮತ್ತು ಕೆಂಪು ಪೈನ್ ಮರಗಳ ನೆಲೆ. ಅಲ್ಲಿನ ನಿಕಲ್–ತಾಮ್ರದ ಅದಿರಿನಲ್ಲಿ ಗಂಧಕ ಹೇರಳ. ಅದನ್ನು ನೀಗಲು 1888ರಿಂದ ಸೌದೆಯ ಒಟ್ಟಿಲ ಮೇಲೆ ಅದಿರು ಸುರಿದು ಬಯಲಲ್ಲೇ ತಿಂಗಳುಗಟ್ಟಲೆ ಸುಡುತ್ತಿದ್ದರು. ಆ ಸೌದೆಯೂ ಅದೇ ಕಾಡಿನದು. ಕಡಿದುಳಿದ ಮರಗಳನ್ನು ನೆಲಕ್ಕೆ ಅಂಟಿಕೊಂಡು ಹರಿದ ಹೊಗೆ ಕೊಂದಿತು. ಬಯಲು ಸುಡುವಿಕೆ 1929ರಲ್ಲಿ ನಿಂತರೂ ಕುಲುಮೆಗಳ ಹೊಗೆ ನಿಲ್ಲಲಿಲ್ಲ.

ಎಲೆ ಉದುರಿಸುವ ಮರಗಳು ಪ್ರತಿ ವಸಂತದಲ್ಲೂ ಹೊಸ ಎಲೆ ತಳೆಯುತ್ತವೆ. ಬಿಳಿ ಪೈನ್ ತನ್ನ ಸೂಜಿಯೆಲೆಗಳನ್ನು ಸುಮಾರು ಎರಡು ವರ್ಷ ಉಳಿಸಿಕೊಳ್ಳುತ್ತದೆ. ಬಡ ನೆಲದಲ್ಲಿ ಇದು ಅದರ ದೊಡ್ಡ ಬಲ. ಹೊಗೆಯ ನಡುವೆ ಇದೇ ಅದರ ಕೇಡು. ಪತ್ರರಂಧ್ರಗಳ ಮೂಲಕ ಒಳಹೊಕ್ಕ, ಗಂಧಕ ಉರಿದಾಗ ಹುಟ್ಟುವ ಸಲ್ಫರ್ ಡೈಆಕ್ಸೈಡ್ ಅನಿಲ ಎಲೆಯೊಳಗಿನ ತೇವದಲ್ಲಿ ಕರಗಿ ಪತ್ರಹರಿತ್ತನ್ನು ಕೆಡಿಸುತ್ತದೆ. ಸೂಜಿಯ ತುದಿ ಕೆಂಪಗೆ ಕಂದಿ, ಹಳೆಯ ಎಲೆಗಳು ಅವಧಿಗೆ ಮುನ್ನವೇ ಉದುರುತ್ತವೆ. ಎಲೆ ಕಡಿಮೆಯಾದಂತೆ ಮರ ತಯಾರಿಸುವ ಸಕ್ಕರೆಯೂ ಕಡಿಮೆ. ಇರುವಷ್ಟು ಮೊದಲು ಚಿಗುರಿಗೆ ಸಲ್ಲುತ್ತದೆ, ಕಾಂಡ ದಪ್ಪವಾಗುವ ಸರದಿ ಕೊನೆಗೆ. ಹಾಗಾಗಿ ಹೊಗೆ ದಟ್ಟವಾಗಿದ್ದ ವರ್ಷಗಳ ಬೆಳವಣಿಗೆ ಉಂಗುರಗಳು ಕಿರಿದಾಗುತ್ತವೆ. ತೀರಾ ಬಳಲಿದ ಮರದ ಬುಡದಲ್ಲಿ ಕೆಲವು ವರ್ಷಗಳ ಉಂಗುರವೇ ಮೂಡುವುದಿಲ್ಲ. ಹೊರಗೆ ಹಸಿರಾಗಿಯೇ ಕಾಣುವ ಮರವೂ ಒಳಗೆ ಹೀಗೆ ಸೊರಗಿರಬಹುದು.

ಬೇರಿಗೆ ಬಿದ್ದ ಪೆಟ್ಟು ಇನ್ನೂ ಆಳವಾದದ್ದು. ಇದೇ ಅನಿಲದಿಂದ ಮಣ್ಣು ಆಮ್ಲೀಯವಾದಾಗ ಅದರಲ್ಲಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳನ್ನು ಹಾಳುಮಾಡುತ್ತದೆ. ಅದರ ಜೊತೆಗೆ ಹೊಗೆಯಲ್ಲಿ ಬಂದು ಬಿದ್ದ ತಾಮ್ರ, ನಿಕಲ್ ಸೇರಿ, ಪೈನ್ ಬೇರಿಗೆ ನೀರು–ಪೋಷಕಾಂಶ ಒದಗಿಸುವ ಶಿಲೀಂಧ್ರಗಳನ್ನೂ ಕುಗ್ಗಿಸಿದವು. ಮರ ಹೋದ ಮೇಲೆ ಮಳೆಗೆ ಮಣ್ಣೂ ಕೊಚ್ಚಿಹೋಯಿತು. ಸುಮಾರು 20,000 ಹೆಕ್ಟೇರ್ ಪೂರ್ತಿ ಬೋಳಾಗಿ ಕಪ್ಪು ಬಂಡೆ ಬಯಲಾಯಿತು. ಇನ್ನೂ 80,000 ಹೆಕ್ಟೇರ್ ಅರೆಬೋಳಾಯಿತು.

1972ರಲ್ಲಿ 381 ಮೀಟರ್ ಎತ್ತರದ ಚಿಮಣಿ ಎದ್ದಾಗ ಊರಿನ ಗಾಳಿ ಸುಧಾರಿಸಿತು. ಆದರೆ ಚಿಮಣಿ ಹೊಗೆಯನ್ನು ದೂರ ಸಾಗಿಸಿತೇ ಹೊರತು ಇಲ್ಲವಾಗಿಸಲಿಲ್ಲ. ನಿಜವಾದ ಇಳಿಕೆ ಬಂದದ್ದು ಕಾನೂನು ಬಿಗಿಯಾಗಿ, ಗಂಧಕವನ್ನು ಕಾರ್ಖಾನೆಯಲ್ಲೇ ಹಿಡಿದು ಆಮ್ಲವಾಗಿ ಮಾರತೊಡಗಿದ ಮೇಲೆ.

ಗಾಳಿ ತಿಳಿಯಾದರೂ ಮಣ್ಣು ತಾನಾಗಿ ಚೇತರಿಸಿಕೊಳ್ಳಲಿಲ್ಲ. 1978ರಿಂದ ಹೆಕ್ಟೇರಿಗೆ ಸುಮಾರು 10 ಟನ್ ಸುಣ್ಣಕಲ್ಲಿನ ಪುಡಿಯನ್ನು, ಬಹುಪಾಲು ಕೈಯಿಂದಲೇ, ಹರಡಿದರು. ಗೊಬ್ಬರ, ಹುಲ್ಲಿನ ಬೀಜ ಚೆಲ್ಲಿದರು. ಹುಲ್ಲು ಹಿಡಿದ ಕಡೆ ಬರ್ಚ್ ಮರಗಳು ತಾವಾಗಿ ಬಂದವು. ಆಮೇಲೆ ನೆಟ್ಟ ಒಂದು ಕೋಟಿಗೂ ಮೀರಿದ ಸಸಿಗಳಲ್ಲಿ, ತೆಳುಮಣ್ಣನ್ನೂ ತಾಳಿಕೊಳ್ಳುವ ಕೆಂಪು ಪೈನ್, ಜ್ಯಾಕ್ ಪೈನ್‌ಗಳದು ದೊಡ್ಡ ಪಾಲು. ಬಿಳಿ ಪೈನ್ ಕೂಡ ಅವುಗಳ ಜೊತೆ ಮರಳಿದೆ. ಸುಣ್ಣ ಮಣ್ಣಿನಲ್ಲಿದ್ದ ಲೋಹವನ್ನು ತೆಗೆದುಹಾಕಿಲ್ಲ. ಬೇರಿಗೆ ಸುಲಭವಾಗಿ ಸೇರದಂತೆ ಕಟ್ಟಿಹಾಕಿದೆ, ಅಷ್ಟೇ.