ಊರ ಸಭೆಯ ಚುನಾವಣೆಯೂ ಸ್ತ್ರೀಯರೂ

ನಮ್ಮ ಕೆರೂರು ಸೇರಿದ ಬಾದಾಮಿ ತಾಲೂಕು 1956ರ ವರೆಗೆ ಮುಂಬಯಿ ಪ್ರಾಂತಕ್ಕೆ ಒಳಪಟ್ಟಿತ್ತು. ಲಾರ್ಡ್ ರಿಪ್ಪನ್ನರು 1882ನೆಯ ಇಸವಿಯಲ್ಲಿ ಹೊರಡಿಸಿದ ಠರಾವಿನ ಮೇರೆಗೆ, 1884ರಲ್ಲಿ ಮುಂಬಯಿ ಸರಕಾರವು ಲೋಕಲ್ ಬೋರ್ಡು ಕಾಯಿದೆಯನ್ನು ಮಾಡಿ ತಾಲೂಕಿಗೂ ಜಿಲ್ಲೆಗೂ ಒಂದೊಂದು ಬೋರ್ಡನ್ನು ಏರ್ಪಡಿಸಿತು. ಸದಸ್ಯರಲ್ಲಿ ಕೆಲವರನ್ನು ಸರಕಾರವೇ ನೇಮಿಸುತ್ತಿತ್ತು. ಉಳಿದವರನ್ನು ಆಸ್ತಿವಂತರೇ ಮೊದಲಾದ ಕೆಲವೇ ಮಂದಿ ಆರಿಸುತ್ತಿದ್ದರು. ರಸ್ತೆ, ಶಾಲೆ, ದವಾಖಾನೆ, ಕುಡಿಯುವ ನೀರು ಇವೇ ಬೋರ್ಡಿನ ಮುಖ್ಯ ಕಾರ್ಯಗಳು. ದಿನವೂ ಕೊಡ ಹೊರುವವಳಿಗೆ ಬಾವಿಯ ವಿಷಯದಲ್ಲಿ ಮಾತಿಲ್ಲದಿದ್ದುದು ವಿಚಿತ್ರವೇ ಸರಿ!

ಆಳುವವರ ನಾಡಿನಲ್ಲಾದರೂ ಸ್ಥಿತಿಯು ಬಹಳ ಬೇರೆಯಾಗಿರಲಿಲ್ಲ. ಇಂಗ್ಲೆಂಡಿನ ಪಟ್ಟಣಸಭೆಗಳಿಗೆ ಕರ ಕೊಡುವ ಅವಿವಾಹಿತೆಯರೂ ವಿಧವೆಯರೂ 1869ರಿಂದ ಮತ ಕೊಡಬಹುದಾಗಿತ್ತು. ತಾವೇ ಸದಸ್ಯರಾಗಲು 1907ರ ವರೆಗೆ ಕಾಯಬೇಕಾಯಿತು.

ಸ್ವಾತಂತ್ರ್ಯಾನಂತರ ನಮ್ಮಲ್ಲಿ ವಯಸ್ಕರೆಲ್ಲರಿಗೂ ಮತವು ದೊರೆಯಿತು. ಆದರೂ ಆರಿಸಿ ಬರುವ ಸ್ತ್ರೀಯರು ವಿರಳರಾಗಿದ್ದರು. 1983ರ ಕರ್ನಾಟಕದ ಕಾಯಿದೆಯಂತೆ 1987ರಲ್ಲಿ ಜರುಗಿದ ಮಂಡಲ ಪಂಚಾಯತಿ ಚುನಾವಣೆಯಲ್ಲಿ ಮೊದಲ ಬಾರಿಗೆ ನೂರಕ್ಕೆ 25 ಸ್ಥಾನಗಳು ಅವರಿಗೆ ಮೀಸಲಾದವು. ಪತಿಯು ಸಭೆಗೆ ಹೋಗಿ ಪತ್ನಿಯು ಮನೆಯಲ್ಲಿ ರುಜು ಹಾಕುವ ರೂಢಿಯೂ ಹಲವೆಡೆ ಬೆಳೆಯಿತು. ಠರಾವನ್ನು ಓದಬಲ್ಲವಳಲ್ಲಿ ಅದು ಸುಲಭವಾಗಿ ನಡೆಯುವದಿಲ್ಲ. 1993ರಲ್ಲಿ ಸಂವಿಧಾನದ ತಿದ್ದುಪಡಿಗಳಿಂದ ಹಳ್ಳಿ ಪಟ್ಟಣಗಳೆರಡರಲ್ಲಿಯೂ ಮೂರರಲ್ಲೊಂದು ಸ್ಥಾನ ಮೀಸಲಾಯಿತು. 2010ರಲ್ಲಿ ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅದು ಅರ್ಧಕ್ಕೆ ಏರಿತು.