ರೆಕ್ಕೆಗೆ ಗಾಳಿ ತಾಗುವ ಕೋನ

ಬೆಳಗಾವಿ ನಗರದಿಂದ ಪೂರ್ವಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿರುವ ಸಾಂಬ್ರಾದ ವಿಮಾನ ನಿಲ್ದಾಣವು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ನಿರ್ಮಾಣವಾದುದು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ವಿಮಾನ ನಡೆಸುವುದನ್ನು ಕಲಿಸುವ ಶಾಲೆಗಳೂ ತಲೆಯೆತ್ತಿವೆ. ಶಿಕ್ಷಣಾರ್ಥಿಯು ನಡೆಸುವ ಚಿಕ್ಕ ವಿಮಾನವು ಇಳಿಯುವ ಮುನ್ನ ರನ್‌ವೇಯ ನೇರಕ್ಕೆ ಬರಲೆಂದು ಕೊನೆಯ ತಿರುವನ್ನು ತೆಗೆದುಕೊಳ್ಳುತ್ತದೆ. ಆಗ ನೆಲ ಹತ್ತಿರ, ವೇಗ ಕಡಿಮೆ, ರೆಕ್ಕೆ ಓರೆ. ಎಲ್ಲ ದೇಶಗಳ ಚಿಕ್ಕ ವಿಮಾನಗಳಿಗೂ ಅಪಾಯದ ಗಳಿಗೆಗಳಲ್ಲಿ ಇದೊಂದು. ಇಲ್ಲಿ ಕುಸಿದ ವಿಮಾನಕ್ಕೆ ಸಾವರಿಸಿಕೊಳ್ಳುವಷ್ಟು ಎತ್ತರವೇ ಉಳಿದಿರುವುದಿಲ್ಲ.

ವೇಗ ಸಾಲದೆ ವಿಮಾನವು ಕುಸಿಯುತ್ತದೆಂದು ಹಲವರು ತಿಳಿದಿರುತ್ತಾರೆ. ಇದು ಅರ್ಧ ಸತ್ಯ ಮಾತ್ರ. ಗಾಳಿಪಟ ಹಾರಿಸುವ ಹುಡುಗನನ್ನು ಕೇಳಿ ನೋಡಿರಿ. ಸೂತ್ರವನ್ನು ಸರಿಯಾಗಿ ಕಟ್ಟದಿದ್ದರೆ ಎಷ್ಟೇ ಗಾಳಿಯಿದ್ದರೂ ಪಟ ಗೋತಾ ಹೊಡೆಯುತ್ತದೆ ಎಂದು ಅವನು ಹೇಳುತ್ತಾನೆ. (ಪರೀಕ್ಷೆಯಲ್ಲಿ ಗೋತಾ ಹೊಡೆಯುವವರು ಬೇರೆ!) ಪಟವು ಗಾಳಿಗೆ ಎಷ್ಟು ಓರೆಯಾಗಿ ಎದುರಾಗಬೇಕೆಂಬುದನ್ನು ಆ ಸೂತ್ರವೇ ನಿರ್ಧರಿಸುತ್ತದೆ. ವಿಮಾನದ ರೆಕ್ಕೆಯೂ ಹೀಗೆಯೇ. ಎದುರಿನಿಂದ ಬರುವ ಗಾಳಿಗೂ ರೆಕ್ಕೆಗೂ ನಡುವೆ ಇರುವ ಕೋನವನ್ನು ಇಂಗ್ಲಿಷಿನಲ್ಲಿ ‘ಆಂಗಲ್ ಆಫ್ ಅಟ್ಯಾಕ್’ ಎನ್ನುತ್ತಾರೆ. ನಾವು ಇದನ್ನು ಎದುರುಗಾಳಿ ಕೋನವೆಂದು ಕರೆಯೋಣ. ಇದು ಹೆಚ್ಚಿದಂತೆಲ್ಲ ರೆಕ್ಕೆಯ ಎತ್ತುವ ಬಲವೂ ಹೆಚ್ಚುತ್ತದೆ. ಆದರೆ ಸಾಮಾನ್ಯ ರೆಕ್ಕೆಗಳಲ್ಲಿ ಸುಮಾರು 15 ಡಿಗ್ರಿಗಳನ್ನು ದಾಟಿದೊಡನೆ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ ಸುಳಿಗಳಾಗಿ ಚದರುತ್ತದೆ. ಬಲವು ಥಟ್ಟನೆ ಕುಂದುತ್ತದೆ. ಇದೇ ‘ಸ್ಟಾಲ್’.

ವೇಗಮಾಪಕವು ಈ ಕೋನವನ್ನು ತೋರಿಸಲಾರದು. ನೇರ ಹಾರಾಟದಲ್ಲಿ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಸ್ಟಾಲ್ ಆಗುವ ವಿಮಾನವನ್ನು ತೆಗೆದುಕೊಳ್ಳೋಣ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗುವಾಗ ಅದು 95ರಲ್ಲೂ, 60 ಡಿಗ್ರಿ ವಾಲಿದಾಗ 113ರಲ್ಲೂ ಸ್ಟಾಲ್ ಆಗುತ್ತದೆ. ಭಾರ ಹೆಚ್ಚಿದರೂ ಈ ವೇಗ ಏರುತ್ತದೆ. ಬದಲಾಗದೆ ನಿಲ್ಲುವುದು ಕೋನವೊಂದೇ.

ಸ್ವಂತ ಕೈಯಿಂದ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳು ಈ ಕೋನವನ್ನು ತಿಳಿಯುವುದಕ್ಕೆ ಎರಡು ಉಪಾಯಗಳನ್ನು ಮುಖ್ಯವಾಗಿ ಬಳಸುತ್ತಾರೆ. ಒಂದು, ರೆಕ್ಕೆಯ ಮುಂದಕ್ಕೆ ಚಾಚಿದ ಕಡ್ಡಿಯ ತುದಿಯಲ್ಲಿ ಗಾಳಿಯ ದಿಕ್ಕಿಗೆ ತಿರುಗುವ ಪುಟ್ಟ ಪಟ್ಟಿ. ತನ್ನ ತೂಕಕ್ಕೇ ಅದು ಬಾಗದಂತೆ ಇನ್ನೊಂದು ಬದಿಯಲ್ಲಿ ಸರಿತೂಕದ ಗುಂಡನ್ನಿಡಬೇಕು. ಇನ್ನೊಂದು, ಎರಡು ರಂಧ್ರಗಳ ನಳಿಕೆ. ಒಂದು ರಂಧ್ರ ನೇರ ಮುಂದಕ್ಕೆ, ಮತ್ತೊಂದು ಓರೆಯಾಗಿ ಕೆಳಕ್ಕೆ ಮುಖ ಮಾಡಿರುತ್ತದೆ. ಕೋನ ಹೆಚ್ಚಿದಂತೆ ಕೆಳಗಿನ ರಂಧ್ರದಲ್ಲಿ ಒತ್ತಡ ಏರುತ್ತದೆ. ಎರಡರ ಹೋಲಿಕೆಯಿಂದ ಕೋನವು ತಿಳಿದುಬರುತ್ತದೆ. ಅಲುಗುವ ಭಾಗವಿಲ್ಲದ ಕಾರಣ ನಮಗೆ ಈ ಎರಡನೆಯದೇ ಮೆಚ್ಚುಗೆ.

ಜೋಡಿಸುವ ಸ್ಥಳವನ್ನು ಆರಿಸುವುದರಲ್ಲಿಯೇ ಜಾಣತನವಿದೆ. ಪ್ರೊಪೆಲ್ಲರು ಕದಡಿದ ಗಾಳಿ ತಲುಪದಷ್ಟು ದೂರ, ಚಕ್ರಗಳಿಂದಲೂ ಆಚೆ, ರೆಕ್ಕೆಯ ಕೆಳಗೆ ನಳಿಕೆಯನ್ನು ಭದ್ರಪಡಿಸುತ್ತಾರೆ. ರೆಕ್ಕೆಯ ಸಮೀಪದಲ್ಲಿ ಗಾಳಿ ತಾನೇ ಬಾಗುವುದರಿಂದ ಅಳತೆಯ ಅಂಕಿ ನಿಜವಾದ ಕೋನಕ್ಕೆ ಸಮನಾಗಿರುವುದಿಲ್ಲ. ಅದರಿಂದ ಹಾನಿಯಿಲ್ಲ, ಒಂದೇ ಸ್ಥಿತಿಗೆ ಪ್ರತಿಸಲವೂ ಒಂದೇ ಅಂಕಿ ಬಂದರೆ ಸಾಕು. ಸಾಕಷ್ಟು ಎತ್ತರಕ್ಕೇರಿ ಬೇಕೆಂದೇ ವಿಮಾನವನ್ನು ಸ್ಟಾಲಿನ ಅಂಚಿಗೆ ತಂದು ಆ ಅಂಕಿಯನ್ನು ಗುರುತಿಸುತ್ತಾರೆ. ಇಳಿಯುವಾಗ ಬಿಚ್ಚುವ ಫ್ಲ್ಯಾಪುಗಳು ರೆಕ್ಕೆಯ ಆಕಾರವನ್ನೇ ಬದಲಿಸುವುದರಿಂದ ಅವುಗಳನ್ನು ಬಿಚ್ಚಿ ಮತ್ತೊಮ್ಮೆ ಪರೀಕ್ಷಿಸುವುದು ಅವಶ್ಯ.

ಉಪಕರಣವಿಲ್ಲದೆಯೇ ಈ ಕೋನಕ್ಕೆ ಕಡಿವಾಣ ಹಾಕಿದವರೂ ಉಂಟು. ಅಮೆರಿಕದ ಬರ್ಟ್ ರುಟಾನರು ಹವ್ಯಾಸಿಗಳಿಗಾಗಿ ರಚಿಸಿದ ‘ಲಾಂಗ್-ಈಜಿ’ ವಿಮಾನದ ಮೂತಿಯಲ್ಲಿ ಕಿರುರೆಕ್ಕೆಯೊಂದಿದೆ. ದೊಡ್ಡ ರೆಕ್ಕೆಗಿಂತ ಮೊದಲು ಅದೇ ಸ್ಟಾಲ್ ಆಗುವುದರಿಂದ ಮೂತಿ ತಾನಾಗಿ ತಗ್ಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದವರು ಇದೇ ವಿನ್ಯಾಸವನ್ನು ಆಧರಿಸಿ ಕಟ್ಟಿದ ಸಂಶೋಧನಾ ವಿಮಾನವು 1987ರಲ್ಲಿ ಹಾರಿತು.

ಅಳೆಯುವ ಉಪಕರಣವೇ ಸುಳ್ಳು ಹೇಳಿದರೆ? 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯದಲ್ಲಿಯೂ 2019ರ ಮಾರ್ಚಿನಲ್ಲಿ ಇಥಿಯೋಪಿಯದಲ್ಲಿಯೂ ಎರಡು ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಮಂದಿ ಮಡಿದರು. ಒಂದೇ ಒಂದು ಸಂವೇದಕದ ತಪ್ಪು ವರದಿಯನ್ನು ನಂಬಿ ಸ್ವಯಂಚಾಲಿತ ವ್ಯವಸ್ಥೆಯು ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೊತ್ತಿತ್ತು. ಹವ್ಯಾಸಿಯ ಉಪಕರಣವಾದರೋ ಸಾಮಾನ್ಯವಾಗಿ ಎಚ್ಚರಿಕೆಯನ್ನಷ್ಟೇ ಕೊಡುತ್ತದೆ, ಚಾಲನೆಯನ್ನು ಕಸಿದುಕೊಳ್ಳುವುದಿಲ್ಲ. ಇದೇ ಸರಿಯೆಂದು ನಮ್ಮ ಅಭಿಪ್ರಾಯ. ಆ ಎಚ್ಚರಿಕೆಯೂ ಬರಿಯ ದೀಪವಾಗಿರದೆ ಶಬ್ದವಾಗಿ ಕಿವಿಗೆ ಬೀಳುವುದು ಮೇಲು. ಕೊನೆಯ ತಿರುವಿನಲ್ಲಿ ವೈಮಾನಿಕನ ಕಣ್ಣು ರನ್‌ವೇಯ ಮೇಲೆ ನೆಟ್ಟಿರುತ್ತದಷ್ಟೆ.

ಇನ್ನು, ಖಾನಾಪುರದ ಕಾಡುಗಳ ಕಡೆಯಿಂದ ಮುಂಗಾರು ಸುರಿಯುವ ಈ ಸೀಮೆಯಲ್ಲಿ ನಳಿಕೆಯೊಳಗೆ ನೀರು ನಿಲ್ಲಬಹುದು; ಕಣಜದ ಹುಳುವು ರಂಧ್ರದಲ್ಲಿ ಮಣ್ಣಿನ ಗೂಡು ಕಟ್ಟಬಹುದು. ಆದುದರಿಂದ ವಿಮಾನ ನಿಂತಿರುವಾಗ ನಳಿಕೆಗೆ ಮುಸುಕು ಹಾಕಿ, ಮರೆಯದಂತೆ ಅದಕ್ಕೊಂದು ಕೆಂಪು ಪಟ್ಟಿಯನ್ನು ಕಟ್ಟಿರುತ್ತಾರೆ. ಹಾರುವ ಮುನ್ನ ಅದನ್ನು ತೆಗೆಯಬೇಕು.